ಕುರ್ಚಿಯ ಅಂಚಿನಲ್ಲಿ ಕೂತವಳು

ಜೂನ್ ೨

ತಂಗೀ,

ಮೊದಲು ಸಿಹಿ ಸುದ್ದಿ ಓದಿಬಿಡು, ಉಳಿದದ್ದು ಆಮೇಲೆ. ನಿನ್ನ ಮಗಳು ದಾದಿಯರ ಶಾಲೆಯ ಪರೀಕ್ಷೆಯಲ್ಲಿ ಪಾಸಾದಳು. ಮುನ್ನೂರು ಹುಡುಗಿಯರಲ್ಲಿ ಒಂಬತ್ತನೆಯವಳು. ದೇವರು ಕಣ್ಣು ಬಿಟ್ಟ. ಫಲಿತಾಂಶ ನೋಡಿ ಬಂದವಳೇ ಎರಡು ಬಕೆಟ್ ನೀರು ಹಿಡಿದಳು, ಆಮೇಲೆ ಅತ್ತಳು. ನಾವು ಅವಳಿಗೆ ಸೂಜಿ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ ನೋಡು, ತೆಳ್ಳಗಿದ್ದಾಳೆ ಅಂದುಕೊಂಡರೆ ಎಲ್ಲಿ ಬೇಕಾದರೂ ತೂರಿಕೊಂಡು ಹೋಗುತ್ತಾಳೆ.

ಆ ಶಾಲೆಯಲ್ಲಿ ಇಲ್ಲದವರ ಮಕ್ಕಳಿಗೆ ಅಂತ ಹನ್ನೆರಡು ಸೀಟು ಧರ್ಮಕ್ಕೆ ಇಟ್ಟಿದ್ದಾರೆ. ಊಟ, ವಸತಿ, ಓದು ಎಲ್ಲ ಅವರದೇ. ಅದಕ್ಕೆ ಅರ್ಜಿ ಹಾಕಿದ್ದೇನೆ. ಇನ್ನು ಒಂದೇ ಬಾಕಿ, ಅವರು ಮನೆಗೆ ಬಂದು ನೋಡಿಹೋಗುತ್ತಾರಂತೆ. ಅದರ ಹೆದರಿಕೆ ನನಗಿಲ್ಲ. ನಾನು ಆಸ್ಪತ್ರೆಯ ಲಾಂಡ್ರಿಗೆ ಸೇರುವಾಗಲೂ ಮೇಟ್ರನ್ ಮನೆಗೆ ಬಂದು ಮೂಲೆ ಮೂಲೆ ನೋಡಿದ್ದರು. ‘ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡವಳು ನಮ್ಮ ಚಾದರವನ್ನೂ ಹಾಗೇ ಇಡುತ್ತಾಳೆ’ ಅಂತ ಅಲ್ಲೇ ಕೆಲಸ ಕೊಟ್ಟರು. ನಮಗೆ ಇಲ್ಲ ಅನ್ನೋದು ಅರ್ಜಿಯಲ್ಲೇ ಇದೆ. ಇನ್ನು ಅವರು ನೋಡಬೇಕಾದ್ದು ನಾವು ಎಂಥವರು ಅನ್ನೋದು.

ನಿನ್ನ ಫೋಟೋಕ್ಕೆ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೇನೆ. ಆ ಕೆಂಪು ಕುರ್ಚಿ, ಆ ಶಾಲು, ಪಕ್ಕದಲ್ಲಿ ಹೂವಿನ ಕುಂಡ! ರಾಣಿ ಹಾಗೆ ಕಾಣುತ್ತೀಯ. ನಮ್ಮ ಮನೆ ಚಿಕ್ಕದಾದರೂ ಬೆಚ್ಚಗಿದೆ. ಯೋಚನೆ ಮಾಡಬೇಡ.

ಅಕ್ಕ

ಜೂನ್ ೧೨

ಅಕ್ಕಾ,

ಪತ್ರ ಓದಿ ನಾನು ಇಲ್ಲಿ ಒಬ್ಬಳೇ ನಕ್ಕೆ. ಅಡುಗೆಯವನು ಇಣುಕಿ ‘ಏನಮ್ಮ, ಲಾಟರಿ ಹೊಡೀತಾ?’ ಅಂದ. ‘ಹೌದು, ಮಗಳ ರೂಪದಲ್ಲಿ’ ಅಂದೆ.

ನನ್ನದು ಎಂದಿನ ಹಾಗೇ. ದೊಡ್ಡ ಮನೆ, ದೊಡ್ಡ ಗಲಾಟೆ. ಬೀಗದ ಕೈ ನನ್ನ ಸೊಂಟದಲ್ಲಿ. ನಾನಿಲ್ಲದಿದ್ದರೆ ಇವರ ಮನೆಯಲ್ಲಿ ಎಲೆ ಅಲ್ಲಾಡುವುದಿಲ್ಲ. ಯಜಮಾನಿಯ ಅತ್ತೆ, ಅಜ್ಜಿ ಅಂತೀವಿ, ಅವರಿಗಂತೂ ನಾನು ಬೇಕೇ ಬೇಕು. ಹಿಂದೊಂದು ಕಾಗದದಲ್ಲಿ ನೀನು ನನ್ನ ಕೋಣೆಯ ಬಗ್ಗೆ ಕೇಳಿದ್ದೆ. ಚೆನ್ನಾಗಿದೆ. ಎಲ್ಲರೂ ಓಡಾಡುವುದು ಕೇಳಿಸುತ್ತದೆ, ಬೇಜಾರು ಅನ್ನೋದೇ ಇಲ್ಲ.

ಫೋನಿನಲ್ಲಿ ಮಾತಾಡೋಣ ಅಂತಲೂ ಆಗ ಅಂದಿದ್ದೆ. ಬೇಡ, ಇಲ್ಲಿ ಫೋನು ಹಿಡಿದರೆ ನಾಲ್ಕು ಕಿವಿ ಅಂಟಿಕೊಳ್ಳುತ್ತವೆ. ಕಾಗದವೇ ಸರಿ.

ಅವರು ಬಂದಾಗ ಮನೆ ಒಪ್ಪವಾಗಿರಲಿ. ಅಮ್ಮ ಹೇಳುತ್ತಿದ್ದಳಲ್ಲ, ಹೊಟ್ಟೆಯೊಳಗೆ ಏನಿದೆ ಅಂತ ಯಾರೂ ಬಗೆದು ನೋಡಲ್ಲ, ತಲೆ ಬಾಚಿದೆಯೋ ಇಲ್ಲವೋ ನೋಡ್ತಾರೆ ಅಂತ. ಫೋಟೋ ಮಾತ್ರ ಬಾಗಿಲಿಗೆ ಎದುರು ಯಾಕೆ? ಒಳಗೆಲ್ಲಾದರೂ ಹಾಕು. ದೃಷ್ಟಿಯಾಗುತ್ತೆ.

ನಿನ್ನ ತಂಗಿ

ಜೂನ್ ೨೨

ತಂಗೀ,

ಬಂದು ಹೋದರು! ಕನ್ನಡಕದ ಒಬ್ಬ ಅಮ್ಮ, ಕಂಕುಳಲ್ಲಿ ಒಂದು ಫಾರಮ್ಮು. ತುಂಬಾ ಮರ್ಯಾದಸ್ಥರು, ಚಪ್ಪಲಿ ಹೊರಗೇ ಬಿಟ್ಟರು.

ನಾನು ಮಾಡಿದ ತಯಾರಿ ಕೇಳು. ದರ್ಜಿಯ ಮನೆಯಿಂದ ಎರಡು ಕುರ್ಚಿ ತಂದೆ. ಆ ಹೊತ್ತು ಅವನ ಗಿರಾಕಿಗಳೆಲ್ಲ ನಿಂತೇ ಇದ್ದರಂತೆ. ಅಳತೆ ಕೊಡುವವರು ನಿಂತೇ ಕೊಡಬೇಕು, ಬಿಡು. ಎದುರು ಮನೆಯ ಗೋಡೆ ಗಡಿಯಾರ, ಮೂಲೆ ಮನೆಯ ನೀಲಿ ಪರದೆ. ಗಾಜಿನ ಲೋಟ ನಗಾರಿಯದು. ನಗಾರಿ ಗೊತ್ತಲ್ಲ, ಲಾಂಡ್ರಿಯಲ್ಲಿ ಚಾದರದ ಆ ತುದಿ ಹಿಡಿಯುವವಳು. ಆಸ್ಪತ್ರೆಗೆಲ್ಲ ಕೇಳುವ ಹಾಗೆ ಮಾತಾಡುತ್ತಾಳೆ ಅಂತ ಆ ಹೆಸರು. ಚಾದರ ಮಡಿಸುತ್ತ ತುದಿಗೆ ತುದಿ ಸೇರಿಸಲು ಹತ್ತಿರ ಬಂದಾಗಲೆಲ್ಲ ಒಂದು ಕುಟುಕು.

‘ಏನೇ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ?’

‘ಲೋಟ ಕೊಡ್ತೀಯೋ ಇಲ್ವೋ, ಅಷ್ಟು ಹೇಳು.’

‘ಕೊಡ್ತೀನಿ ತಾಯಿ. ಒಂದು ಒಡೆದ್ರೂ ನಿನ್ನ ಹಲ್ಲು ಉದುರಿಸ್ತೀನಿ.’

ಚಹಾ ಕೊಟ್ಟೆ, ಬಿಸ್ಕತ್ತು ಕೊಟ್ಟೆ. ಆ ಅಮ್ಮ ಕುರ್ಚಿ ನೋಡಿದರು, ಗಡಿಯಾರ ನೋಡಿದರು, ಬರೆದುಕೊಂಡರು. ನೋಡುತ್ತಾರಲ್ಲ ಅಂತ ನನಗೆ ಒಳಗೊಳಗೇ ಖುಷಿ. ಆಮೇಲೆ ಎದ್ದು ನಿನ್ನ ಫೋಟೋದ ಹತ್ತಿರ ಹೋದರು.

‘ಇವರು ಯಾರು?’

‘ನನ್ನ ತಂಗಿ. ಈ ಹುಡುಗಿಯ ತಾಯಿ.’

‘ಇದು ಯಾರ ಮನೆ?’

‘ಅವಳು ಇರೋ ಮನೆ. ಅಲ್ಲಿ ಅವಳದೇ ಕಾರುಬಾರು’ ಅಂದೆ. ಎದೆಯುಬ್ಬಿಸಿಯೇ ಅಂದೆ.

ಸೂಜಿ ಮಾತ್ರ ಇಡೀ ಹೊತ್ತು ನೆಲ ನೋಡುತ್ತ ನಿಂತಿದ್ದಳು. ಅವರು ಹೋದ ಮೇಲೆ ಕುರ್ಚಿ ಹೊತ್ತುಕೊಂಡು ಹೋಗಿ ಕೊಟ್ಟು ಬಂದಳು. ಈ ವಯಸ್ಸೇ ಹಾಗೆ.

ಅಕ್ಕ

ಜುಲೈ ೩

ಅಕ್ಕಾ,

ಕಾರುಬಾರು ಅಂತ ಯಾಕೆ ಹೇಳಲು ಹೋದೆ? ಹೇಳದಿದ್ದರೆ ಆಗುತ್ತಿರಲಿಲ್ಲವಾ? ಇರಲಿ, ಆದದ್ದು ಆಯಿತು.

ಅವರು ಬೇರೇನಾದರೂ ಕೇಳಿದರಾ? ಬರೆ.

ತಂಗಿ

ಆಗಸ್ಟ್ ೪

ಅಕ್ಕಾ,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಕೆಲಸ ಹೆಚ್ಚಾ? ಕೈ ಬಿರುಕು ಮತ್ತೆ ಬಿಟ್ಟಿತಾ? ಬಟ್ಟೆ ಒಗೆಯುವ ಸೋಡಾದಲ್ಲಿ ಅದ್ದಿದ ಕೈಗೆ ಎಣ್ಣೆ ಹಚ್ಚಿಕೋ ಅಂದರೆ ಕೇಳುವವಳಲ್ಲ ನೀನು.

ಶಾಲೆ ಶುರುವಾಗಿರಬೇಕು. ಸೂಜಿಗೆ ಬಿಳಿ ಬೂಟು ಕಳಿಸಿದ್ದೇನೆ. ದಾದಿಯರಿಗೆ ಬಿಳಿಯದೇ ಬೇಕಂತೆ. ಹೊಸದು. ಸ್ವಲ್ಪ ದೊಡ್ಡದಾದರೆ ಮುಂದೆ ಹತ್ತಿ ತುರುಕಿಕೊಳ್ಳಲಿ. ಅದನ್ನು ಹಾಕಿಕೊಂಡು ಮೊದಲ ದಿನ ಹೇಗೆ ಕಂಡಳು ಅಂತ ಬರೆ. ಅಷ್ಟು ಓದಿದರೆ ನನಗೆ ಇಲ್ಲಿ ಆರು ತಿಂಗಳು ನಡೆಯುತ್ತದೆ.

ತಂಗಿ

ಆಗಸ್ಟ್ ೧೭

ತಂಗೀ,

ಬೂಟು ಬಂತು. ಡಬ್ಬಿಯಲ್ಲೇ ಇದೆ.

ಸೀಟು ಸಿಗಲಿಲ್ಲ. ಜುಲೈ ಏಳಕ್ಕೇ ಕಾಗದ ಬಂದಿತ್ತು. ‘ಮನೆಯಲ್ಲಿ ಅನುಕೂಲವಿದೆ’ ಅಂತ ಒಂದೇ ಸಾಲು. ನಿನಗೆ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಕಾಗದ ಒಲೆಗೆ ಹಾಕಿದೆ.

ಶಾಲೆಗೆ ಹೋದೆ. ಅದೇ ಕನ್ನಡಕದ ಅಮ್ಮ. ನನ್ನನ್ನು ನೋಡಿ ಅವರಿಗೂ ಕಷ್ಟವಾಯಿತು. ಫಾರಮ್ಮು ತೆಗೆದು ತೋರಿಸಿದರು. ಕುರ್ಚಿ ಎರಡು, ಗಡಿಯಾರ, ಪರದೆ, ಗಾಜಿನ ಲೋಟ. ನಾನು ಹೊತ್ತು ತಂದದ್ದೆಲ್ಲ ಸಾಲಾಗಿ ಬರೆದಿದ್ದಾರೆ. ‘ಇದೆಲ್ಲ ಎರವಲು ತಂದದ್ದಮ್ಮ’ ಅಂದೆ. ಅಂದ ಮೇಲೆ ಕಿವಿ ಬಿಸಿಯಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಯಾಕಮ್ಮ? ನಾನು ಬಂದದ್ದೇ ಇಲ್ಲದ್ದನ್ನು ನೋಡೋಕೆ’ ಅಂದರು. ಐವತ್ತು ವರ್ಷ ಇಲ್ಲದ್ದನ್ನು ಮುಚ್ಚಿಟ್ಟು ಬದುಕಿದವಳು, ಅದನ್ನೇ ನೋಡಲು ಯಾರಾದರೂ ಬರುತ್ತಾರೆ ಅಂತ ಹೇಗೆ ಊಹಿಸಲಿ?

ನಿನಗೂ ಒಂದು ಮುಚ್ಚಿಟ್ಟಿದ್ದೆ. ಹಳೆಯ ಎರಡು ಕೋಣೆಯ ಮನೆ ಬಿಟ್ಟು ವರ್ಷವಾಯಿತು. ಕಾಗದ ಆಸ್ಪತ್ರೆಯ ವಿಳಾಸಕ್ಕೇ ಬರುವುದರಿಂದ ನಿನಗೆ ತಿಳಿಯಲಿಲ್ಲ. ಈಗ ಇರುವುದು ಲಾಂಡ್ರಿಯ ಹಿಂದಿನ ಒಂದೇ ಕೋಣೆ. ಬೆಚ್ಚಗಿದೆ ಅಂತ ಬರೆದದ್ದು ಸುಳ್ಳಲ್ಲ, ಗೋಡೆಯ ಆ ಕಡೆ ಬಾಯ್ಲರಿದೆ. ಬೇಸಿಗೆಯಲ್ಲಿ ಸೂಜಿ ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡು, ಟ್ರಂಕಿನ ಮೇಲೆ ಪುಸ್ತಕ ಇಟ್ಟು ಓದಿದಳು. ಆರು ಮನೆಗೆ ಒಂದೇ ನಲ್ಲಿ. ಕುರ್ಚಿ ಒಂದೂ ಇಲ್ಲ. ಆ ಅಮ್ಮ ನೀಲಿ ಪರದೆಯ ಹಿಂದೆ ಇನ್ನೊಂದು ಕೋಣೆಯಿದೆ ಅಂದುಕೊಂಡಿದ್ದರಂತೆ.

ಇನ್ನೊಂದು ಸಲ ಬಂದು ನೋಡುತ್ತೇನೆ ಅಂದಿದ್ದಾರೆ. ಒಂದು ಸೀಟು ಇನ್ನೂ ತುಂಬಿಲ್ಲ. ಆದರೆ ಕುರ್ಚಿಗಿಂತ ಅವರನ್ನು ತಡೆದದ್ದು ನಿನ್ನ ಫೋಟೋ. ‘ತಾಯಿ ಇಷ್ಟು ಅನುಕೂಲವಾಗಿದ್ದರೆ ಮಗಳಿಗೆ ಧರ್ಮದ ಸೀಟು ಯಾಕೆ? ಇದಕ್ಕಿಂತ ಇಲ್ಲದವಳು ಹೊರಗೆ ನಿಂತಿದ್ದಾಳೆ’ ಅಂದರು. ನೀನು ಅಲ್ಲಿ ಏನು ಕೆಲಸ ಮಾಡುತ್ತೀಯ, ಎಲ್ಲಿ ಇರುತ್ತೀಯ ಅಂತ ಆ ಮನೆಯವರು ಬರೆದುಕೊಟ್ಟ ಕಾಗದ ಬೇಕು. ಸೆಪ್ಟೆಂಬರ್ ಹದಿನೈದರೊಳಗೆ.

ಬಾಯಿಬಿಟ್ಟು ಕೇಳುತ್ತೇನೆ, ತಪ್ಪು ತಿಳಿಯಬೇಡ. ಅವರು ಕೇಳಿದ್ದೇ ನನಗೂ ಚುಚ್ಚುತ್ತಿದೆ. ನಿನಗೆ ಇಷ್ಟೆಲ್ಲ ಇದ್ದು ಮಗಳನ್ನು ನೀನೇ ಯಾಕೆ ಓದಿಸುತ್ತಿಲ್ಲ? ಇದ್ದೂ ಕೈಬಿಟ್ಟೆಯಾ? ಹಾಗಿದ್ದರೆ ಇನ್ನೊಬ್ಬಳ ಪಾಲಿನ ಸೀಟು ಕೇಳುವುದು ಪಾಪ. ದೇವರ ಮುಂದೆ ದೀಪ ಹಚ್ಚುವಾಗ ಅದಕ್ಕೂ ಕ್ಷಮೆ ಬೇಡುತ್ತಿದ್ದೇನೆ.

ಅಕ್ಕ

ಆಗಸ್ಟ್ ೨೮

ಅಕ್ಕಾ,

ಇದ್ದೂ ಕೈಬಿಟ್ಟೆಯಾ ಅಂತ ಕೇಳಿದೆ. ಕೇಳುವ ಹಾಗೆ ಮಾಡಿದವಳು ನಾನೇ, ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ದಾರಿಯಿಲ್ಲ.

ನಾನು ಮಲಗುವುದು ಮೆಟ್ಟಿಲ ಕೆಳಗೆ, ಇಸ್ತ್ರಿ ಮೇಜಿನ ಪಕ್ಕ. ಎಲ್ಲರೂ ಓಡಾಡುವುದು ಕೇಳಿಸುತ್ತದೆ ಅಂತ ಬರೆದಿದ್ದೆನಲ್ಲ, ತಲೆಯ ಮೇಲೇ ಓಡಾಡುತ್ತಾರೆ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಕಣ್ಣುಮುಚ್ಚಿ ಹೇಳಬಲ್ಲೆ. ಸೊಂಟದಲ್ಲಿ ಬೀಗದ ಕೈ ಇರುವುದು ನಿಜ, ಒಂದೇ ಒಂದು, ಔಷಧಿ ಕಪಾಟಿನದು. ಹಾಸಿಗೆ ಹಿಡಿದ ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಹೊರಳಿಸುವುದು, ತೊಳೆಯುವುದು, ಒರೆಸುವುದು, ಬಟ್ಟೆ ಬದಲಿಸುವುದು ನನ್ನ ಕಾರುಬಾರು. ನನಗೆ ಕೊಡುವುದರಲ್ಲಿ ನಾನು ನಿನಗೆ ಕಳಿಸುವುದನ್ನು ತೆಗೆದರೆ ಸಾಬೂನಿನ ಚೂರು ಉಳಿಯುತ್ತದೆ.

ಫೋಟೋ ತೆಗೆದದ್ದು ಮನೆಯವರು ಎರಡು ದಿನ ಊರಿಗೆ ಹೋಗಿದ್ದಾಗ. ಶಾಲು ಅಜ್ಜಿಯದು. ‘ಕೂತ್ಕೋ ಅಮ್ಮ, ಯಾರು ನೋಡ್ತಾರೆ?’ ಅಂದ ಅಡುಗೆಯವನು. ಅವನು ಒಂದು, ಎರಡು ಅನ್ನುವಷ್ಟು ಹೊತ್ತು ಕೂತಿದ್ದೆ. ಎದ್ದ ಮೇಲೆ ಕುರ್ಚಿಯನ್ನು ಕೈಯಿಂದ ಸವರಿ ಸರಿಮಾಡಿದೆ. ನೀನು ಆ ಊರಿನಲ್ಲಿ ಎರಡು ಕೋಣೆಯ ಮನೆಯಲ್ಲಿ ಸುಖವಾಗಿದ್ದೀಯ, ಮಗಳು ಅಲ್ಲಿ ನೆಮ್ಮದಿಯಾಗಿದ್ದಾಳೆ, ನಾನೂ ಕಡಿಮೆಯಿಲ್ಲ ಅಂತ ತೋರಿಸಬೇಕು ಅನ್ನಿಸಿತು. ಬಾಯ್ಲರಿನ ಗೋಡೆ ಅಂತ ನೀನು ಒಂದು ಮಾತು ಹೇಳಿದ್ದರೆ ನಾನು ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ ಅಕ್ಕಾ.

ಬೂಟೂ ಹೊಸದಲ್ಲ. ಯಜಮಾನಿಯ ಮಗಳು ಬಿಸಾಕಿದ್ದು. ಸುಣ್ಣ ಹಚ್ಚಿ ಬೆಳ್ಳಗೆ ಮಾಡಿದೆ.

ಕಾಗದ ಮಾತ್ರ ಕೇಳಬೇಡ. ಯಾಕೆ ಬೇಕು ಅಂತ ಯಜಮಾನಿ ಕೇಳುತ್ತಾರೆ. ಫೋಟೋದ ವಿಷಯ ಹೇಳಬೇಕಾಗುತ್ತೆ. ಕೆಲಸ ಹೋದರೆ ಹೋಗಲಿ, ಅವರು ನನ್ನ ಮುಖ ನೋಡುತ್ತಾರಲ್ಲ, ಅದು ಆಗುವುದಿಲ್ಲ. ‘ಫೋಟೋದಲ್ಲಿರುವುದು ಬೇರೆ ಯಾರೋ, ನಾನು ತಪ್ಪು ಹೇಳಿದೆ’ ಅಂತ ನೀನೇ ಹೇಳಿಬಿಡು. ಇದೊಂದು ಸಲ.

ತಂಗಿ

ಸೆಪ್ಟೆಂಬರ್ ೪

ತಂಗೀ,

ನಿನ್ನ ಕಾಗದವನ್ನು ನಾನು ಓದಿ ಮುಗಿಸುವ ಮೊದಲೇ ಸೂಜಿ ಕೈಯಿಂದ ತೆಗೆದುಕೊಂಡು ಓದಿದಳು. ಮುಚ್ಚಿಡಲು ನನಗೆ ಬಲವಿರಲಿಲ್ಲ. ಓದಿ ಮಡಿಸಿ ಇಟ್ಟು, ‘ನನಗೆ ಮೊದಲೇ ಗೊತ್ತಿತ್ತು ದೊಡ್ಡಮ್ಮ’ ಅಂದಳು.

‘ಯಾರೇ ಹೇಳಿದ್ರು?’

‘ಫೋಟೋನೇ ಹೇಳುತ್ತಲ್ಲ. ಅಮ್ಮ ಕುರ್ಚಿಯ ಅಂಚಿನಲ್ಲಿ ಕೂತಿದ್ದಾಳೆ, ಹಿಮ್ಮಡಿ ಎತ್ತಿಕೊಂಡು. ತನ್ನ ಮನೆ ಕುರ್ಚೀಲಿ ಯಾರಾದ್ರೂ ಹಾಗೆ ಕೂರ್ತಾರಾ? ನೀನೂ ಅವತ್ತು ದರ್ಜಿ ಕುರ್ಚೀಲಿ ಹಾಗೇ ಕೂತಿದ್ದೆ.’

ನಾನು ಎದ್ದು ಫೋಟೋದ ಮುಂದೆ ನಿಂತು ನೋಡಿದೆ. ಮೂರು ತಿಂಗಳಿಂದ ದಿನಾ ಒರೆಸುತ್ತಿದ್ದೆ. ಹೌದು, ಅಂಚಿನಲ್ಲೇ ಕೂತಿದ್ದೀಯ. ಒಂದು ಕೈ ಆಗಲೇ ಏಳಲು ಊರಿದೆ. ಶಾಲು ನೋಡಿದ ನಾನು ನಿನ್ನ ಕೈ ನೋಡಲಿಲ್ಲ.

ನಿನ್ನೆ ಕನ್ನಡಕದ ಅಮ್ಮ ಬಂದಿದ್ದರು. ಅದಕ್ಕೆ ಮುಂಚೆ ನಗಾರಿ ಬಂದು ಅಪ್ಪಣೆ ಕೊಟ್ಟಳು. ‘ಹಾಸಿಗೆ ನನ್ನ ಮನೇಲಿಡು. ಆ ಒಳ್ಳೆ ಪಾತ್ರೆ ತೆಗಿ. ಗೋಡೆಗೆ ಸ್ವಲ್ಪ ಮಸಿ ಬಳಿ. ಹುಡುಗಿಗೆ ಹರಕಲು ಹಾಕು. ಹೋದ ಸಲ ತರೋಕೆ ಬಂದೆ, ಈ ಸಲ ಇಡೋಕೆ ಕೊಡು, ಲೆಕ್ಕ ಸರಿಹೋಯ್ತು.’ ಅವಳದು ಒಳ್ಳೆಯ ಮನಸ್ಸೇ. ನಾನು ಪಾತ್ರೆ ಎತ್ತಿಯೂ ಬಿಟ್ಟಿದ್ದೆ. ಸೂಜಿ ನನ್ನ ಕೈ ಹಿಡಿದಳು. ‘ಇರೋದನ್ನ ಇರೋ ಹಾಗೇ ಬಿಡು ದೊಡ್ಡಮ್ಮ. ಇದಕ್ಕಿಂತ ಏನು ಕಮ್ಮಿ ತೋರಿಸ್ತೀಯ?’

ಆ ಅಮ್ಮನಿಗೆ ಟ್ರಂಕಿನ ಮೇಲೆ ಚಾದರ ಹಾಸಿ ಕೂರಿಸಿದೆ. ಗೋಡೆಗೆ ಒರಗಿದವರು ಬಿಸಿ ತಾಗಿ ಬೆಚ್ಚಿದರು. ನಲ್ಲಿ ಎಲ್ಲಿ, ಅಡುಗೆ ಎಲ್ಲಿ, ಇಬ್ಬರೂ ಎಲ್ಲಿ ಮಲಗುತ್ತೀರಿ ಅಂತ ಕೇಳಿದರು. ತೋರಿಸಿದೆ. ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ಬಟ್ಟೆ ಸರಿಸಿ ಗಾಯ ತೋರಿಸಿದ ಹಾಗೆ ತೋರಿಸಿದೆ. ಅವರು ಒಳ್ಳೆಯವರಾದ್ದರಿಂದ ಬೇಗ ಬೇಗ ಬರೆದುಕೊಂಡರು.

ಫೋಟೋದಲ್ಲಿರುವುದು ಬೇರೆ ಯಾರೋ ಅಂತ ಹೇಳು ಅಂದಿದ್ದೆಯಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಆಗಲಿಲ್ಲ. ಸ್ವಂತ ತಂಗಿಯನ್ನು ಮಗಳ ಎದುರಿಗೇ ಯಾರೋ ಅನ್ನುವುದು ಹೇಗೆ? ‘ಇವಳು ನನ್ನ ತಂಗಿ. ಹಾಸಿಗೆ ಹಿಡಿದವರನ್ನು ತೊಳೆಯೋ ಕೆಲಸ. ಕುರ್ಚಿ ಅವಳದಲ್ಲ’ ಅಂದೆ. ‘ಮಾತು ಸಾಲದಮ್ಮ, ಕಾಗದ ಬೇಕು’ ಅಂದರು.

ನಿನ್ನನ್ನು ಒತ್ತಾಯ ಮಾಡುವುದಿಲ್ಲ. ಕಿವಿ ಬಿಸಿಯಾಗುವುದು ಎಂಥದು ಅಂತ ನನಗೀಗ ಗೊತ್ತು. ನನ್ನ ಆ ಪತ್ರದ ಮಾತಿಗೆ ನಿನ್ನ ಕಾಲು ಹಿಡಿಯುತ್ತೇನೆ, ದೊಡ್ಡವಳು ಅಂತ ನೋಡಬೇಡ.

ಅಕ್ಕ

ಸೆಪ್ಟೆಂಬರ್ ೯

ಅಕ್ಕಾ,

ಇದರೊಳಗೆ ಕಾಗದ ಇಟ್ಟಿದ್ದೇನೆ. ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ಹದಿನೈದರೊಳಗೆ ಮುಟ್ಟಬೇಕು.

ನಿನ್ನ ಪತ್ರದಲ್ಲಿ ಸೂಜಿ ಹೇಳಿದ್ದನ್ನು ಅಜ್ಜಿಯ ಕೋಣೆಯಲ್ಲೇ ಎರಡು ಸಲ ಓದಿದೆ. ನನ್ನ ಮಗಳು ಮೊದಲೇ ನೋಡಿದ್ದಾಳೆ. ಇನ್ನು ಯಾರು ನೋಡಿದರೆ ಏನು?

ಯಜಮಾನಿ ಬೆಳಗಿನ ಚಹಾಕ್ಕೆ ಕೂತಿದ್ದಾಗ ಹೇಳಿದೆ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಆ ಕೆಂಪು ಕುರ್ಚಿಯಲ್ಲಾ? ನೀನಾ?’ ಅಂದರು. ನಗು ತಡೆದುಕೊಂಡ ಹಾಗಿತ್ತು. ಆಮೇಲೆ, ‘ಓದೋ ಹುಡುಗಿಗೆ ಅಲ್ವಾ, ಕೊಡೋಣ’ ಅಂತ ಮುದ್ದಾದ ಅಕ್ಷರದಲ್ಲಿ ಬರೆದರು: ‘ಈಕೆ ನಮ್ಮ ಮನೆಯ ಕೆಲಸದಾಕೆ. ನಮ್ಮ ಅತ್ತೆಯವರ ಮಲಮೂತ್ರದ ಆರೈಕೆ ಮಾಡುತ್ತಾಳೆ. ಮಲಗಲು ಮೆಟ್ಟಿಲ ಕೆಳಗೆ ಜಾಗ ಕೊಟ್ಟಿದ್ದೇವೆ. ಈಕೆಗೆ ಬೇರೆ ಅನುಕೂಲವಿಲ್ಲ.’ ಕೊಟ್ಟಿದ್ದೇವೆ ಅನ್ನುವಾಗ ಒಂದು ಸಲ ಗಟ್ಟಿಯಾಗಿ ಓದಿ ಹೇಳಿದರು.

ಸಹಿ ಹಾಕಿ ಪೆನ್ನು ಮುಚ್ಚಿ, ಅದೇ ದನಿಯಲ್ಲಿ, ‘ಹಾಗೇ ಆ ಕುರ್ಚಿ ಹೊದಿಕೆ ಬಿಚ್ಚಿ ಒಗೆಯೋಕೆ ಹಾಕಿಬಿಡು’ ಅಂದರು.

ನಾನೇ ಬಿಚ್ಚಿದೆ, ನಾನೇ ಒಗೆದೆ, ನಾನೇ ಇಸ್ತ್ರಿ ಮಾಡಿ ಹಾಕಿದೆ. ಕೆಲಸ ಹೋಗಿಲ್ಲ.

ತಂಗಿ

ಸೆಪ್ಟೆಂಬರ್ ೨೪

ತಂಗೀ,

ಸೀಟು ಸಿಕ್ಕಿತು. ಹನ್ನೆರಡನೆಯದು ಸೂಜಿಯದು.

ನಿನ್ನ ಕಾಗದ ಹದಿಮೂರಕ್ಕೆ ಬಂತು, ಅವತ್ತೇ ಕೊಟ್ಟು ಬಂದೆ. ಸೋಮವಾರ ಪಟ್ಟಿ ಹಾಕಿದರು. ಶಾಲೆಯ ಬಾಗಿಲಲ್ಲೇ, ಎಲ್ಲರೂ ಓಡಾಡುವ ಕಡೆ, ದಪ್ಪ ಅಕ್ಷರದಲ್ಲಿ ‘ಕಡುಬಡವರ ಸೀಟು’ ಅಂತ ಬರೆದು, ಒಬ್ಬೊಬ್ಬಳ ಹೆಸರಿನ ಮುಂದೆ ಕಾರಣವನ್ನೂ ಬರೆದಿದ್ದಾರೆ. ಧರ್ಮ ಮಾಡುವವರು ಲೆಕ್ಕ ತೋರಿಸಬೇಕಲ್ಲ. ಕೊನೆಯ ಸಾಲು ನಮ್ಮದು: ‘ತಾಯಿ ಮನೆಕೆಲಸದಾಕೆ, ಮೆಟ್ಟಿಲ ಕೆಳಗೆ ವಾಸ. ದೊಡ್ಡಮ್ಮ ಬಟ್ಟೆ ಒಗೆಯುವಾಕೆ, ಒಂದೇ ಕೋಣೆ.’ ಕಾರಿನಲ್ಲಿ ಮಗಳನ್ನು ಬಿಡಲು ಬಂದ ಒಬ್ಬರು ಅದನ್ನು ನಿಂತು ಓದುತ್ತಿದ್ದರು. ನನಗೆ ಸೆರಗಿನಿಂದ ಅದನ್ನು ಮುಚ್ಚಿಬಿಡಬೇಕು ಅನ್ನಿಸಿತು. ‘ಬಾರೇ, ಹೋಗೋಣ’ ಅಂದೆ.

ನಿನ್ನ ಮಗಳು ಕದಲಲಿಲ್ಲ. ಬಿಳಿ ಬೂಟು ಹಾಕಿಕೊಂಡು ಅದರ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದಳು, ಉಳಿದ ಹನ್ನೊಂದು ಜನರದನ್ನೂ. ಮುಖ ಕೆಂಪಾಗಿತ್ತು. ಆಮೇಲೆ, ‘ದೊಡ್ಡಮ್ಮ, ಎಲ್ಲಾರ ಮನೇಲೂ ಒಂದೇ ಕೋಣೆ’ ಅಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಬೂಟು ದೊಡ್ಡದು, ಹತ್ತಿ ಹಾಕಿದರೂ ಹಿಮ್ಮಡಿ ಬಿಡುತ್ತೆ. ಟಪ್ ಟಪ್ ಅಂತ ಸದ್ದು ಉದ್ದಕ್ಕೂ ಕೇಳಿಸಿತು. ಮೊದಲ ದಿನ ಹೇಗೆ ಕಂಡಳು ಅಂತ ಬರೆ ಅಂದಿದ್ದೆಯಲ್ಲ, ಹೀಗೆ ಕಂಡಳು.

ನಾನು ಇಷ್ಟು ವರ್ಷ ಬೆಳಗ್ಗೆ ದೀಪ ಹಚ್ಚಿ ‘ತಪ್ಪಾಯಿತು, ಕ್ಷಮಿಸು’ ಅಂತ ಬೇಡಿಕೊಳ್ಳುತ್ತಿದ್ದೆ. ಏನು ತಪ್ಪು ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕುರ್ಚಿಯಿಲ್ಲದ ತಪ್ಪು ಇರಬೇಕು. ಇವತ್ತು ದೀಪ ಹಚ್ಚಿ ಸುಮ್ಮನೆ ನಿಂತೆ. ನಾಚಿಕೆ ಹೋಗಿಲ್ಲ ತಂಗೀ, ಸುಳ್ಳು ಹೇಳುವುದಿಲ್ಲ. ಶಾಲೆ ಆಸ್ಪತ್ರೆಯ ಮುಂಬಾಗಿಲ ಪಕ್ಕದಲ್ಲೇ ಇದೆಯಲ್ಲ, ಕೆಲಸಕ್ಕೆ ಹೋಗುವಾಗ ಆ ಪಟ್ಟಿಯ ಮುಂದೆ ಹಾಯಬೇಕಾಗುತ್ತದೆ ಅಂತ ಹಿಂಬಾಗಿಲಿನಿಂದ ಹೋಗುತ್ತಿದ್ದೇನೆ. ನಗಾರಿಗೆ ಗೊತ್ತಾಗಿ, ‘ಚಾದರ ಮಾತ್ರ ಮುಂಬಾಗಿಲಿಂದ ಹೋಗ್ಬೇಕು, ನೀನು ಹಿಂಬಾಗಿಲಿಂದ ಬರ್ಬೇಕಾ?’ ಅಂದಳು. ನಾಳೆ ನೋಡೋಣ.

ಆ ಫೋಟೋ ಇನ್ನು ಸಿಗುವುದಿಲ್ಲ. ಸಾಕ್ಷಿ ಅಂತ ಕಟ್ಟು ಬಿಚ್ಚಿಸಿ, ನಿನ್ನ ಕಾಗದದ ಜೊತೆ ಗುಂಡುಪಿನ್ನು ಚುಚ್ಚಿ ಕಡತಕ್ಕೆ ಸೇರಿಸಿದರು. ಗೋಡೆಯಲ್ಲಿ ಮೊಳೆ ಹಾಗೇ ಇದೆ. ಇನ್ನೊಂದು ಫೋಟೋ ತೆಗೆಸಿ ಕಳಿಸು. ಅಡುಗೆಯವನಿಗೇ ಹೇಳು. ಇಸ್ತ್ರಿ ಮೇಜಿನ ಪಕ್ಕವೋ, ಅಜ್ಜಿಯ ಮಂಚದ ಪಕ್ಕವೋ, ನಿಂತುಕೊಂಡು ತೆಗೆಸು. ಶಾಲು ಬೇಡ. ಬಾಗಿಲಿಗೆ ಎದುರಾಗಿಯೇ ಹಾಕುತ್ತೇನೆ.

ಅಕ್ಕ